ಎಂಬತ್ತಮೂರು ಜನ, ಮೂವತ್ತೊಂದು ಮಿಂಚುಳ್ಳಿ

ಅನಿಲ ಬಾವಿಗಳಿಗೆ ಅನುಮತಿ ಕೊಡುವ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಇವತ್ತು ಬೆಳಿಗ್ಗೆ ನೋಡಿದರೆ, ನಮ್ಮ ಅಂಚೆ ಕಚೇರಿಯ ಫಲಕಕ್ಕೆ ಹಚ್ಚಿರುವ ನಿಮ್ಮ ವರದಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಒಂದು ಮಿಂಚುಳ್ಳಿಯ ಚಿತ್ರ ಬಿಡಿಸಿದ್ದರು. ಕೊಕ್ಕು ಬೇಕಾದ್ದಕ್ಕಿಂತ ಉದ್ದವಾಗಿತ್ತು, ಆದರೆ ಜುಟ್ಟು ಸರಿಯಾಗಿ ಬಂದಿತ್ತು. ಕೆಳಗೆ ಪುಟ್ಟ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ನನ್ನನ್ನೂ ಸೇರಿಸಿಕೊಳ್ಳಿ, ನಾನು ಮೂವತ್ತೆರಡನೆಯದು."

ನಿಮಗೆ ಇದು ತಮಾಷೆ ಅನ್ನಿಸಲಿಕ್ಕಿಲ್ಲ. ಆದ್ದರಿಂದ ನನ್ನ ದೂರನ್ನು ನೇರವಾಗಿ ಹೇಳಿಬಿಡುತ್ತೇನೆ. ಟ್ಯಾನರ್ಸ್ ಹಾಲೋ ಕಣಿವೆಯ ಎಂಬತ್ತಮೂರು ಜನ ಸಹಿ ಮಾಡಿ ಕಳಿಸಿದ ಎಂಬತ್ತಮೂರು ಆಕ್ಷೇಪಣಾ ಪತ್ರಗಳನ್ನು ನಿಮ್ಮ ವರದಿಯ ನಾಲ್ಕನೆಯ ಪುಟ "ಒಂದು ಆಕ್ಷೇಪಣೆ" ಎಂದು ಎಣಿಸಿದೆ. ಎಲ್ಲವೂ ಒಬ್ಬರೇ ಬರೆದಂತೆ ತೋರುತ್ತವೆ ಎಂಬುದು ಕಾರಣ. ಅದೇ ವರದಿಯ ಹನ್ನೊಂದನೆಯ ಪುಟ, ಅದೇ ಪತ್ರಗಳಲ್ಲಿ ಹಾರಿಹೋದ ಮಿಂಚುಳ್ಳಿಗಳನ್ನು "ಸ್ಥಳೀಯರು ಕಂಡಂತೆ ಮೂವತ್ತೊಂದು" ಎಂದು ಎಣಿಸಿದೆ. ಇಷ್ಟು ಚಿಕ್ಕ ತೊರೆಯಲ್ಲಿ ಇಷ್ಟೊಂದು ಹಕ್ಕಿಗಳು ಸುಖವಾಗಿ ಬಾಳುತ್ತಿರುವುದರಿಂದ, ಗುಡ್ಡದ ಮೇಲೆ ಆರು ಬಾವಿ ಕೊರೆದರೂ ಅಲ್ಲಿನ ಜೀವಸಂಕುಲ ತಡೆದುಕೊಳ್ಳಬಲ್ಲದು ಎಂದೂ ತೀರ್ಮಾನಿಸಿದೆ. ಮಾನ್ಯರೇ, ನಾವು ಮನುಷ್ಯರಾಗಿ ಅರ್ಜಿ ಹಾಕಿಕೊಂಡದ್ದೇ ತಪ್ಪಾಯಿತೇ? ಕೊಂಬೆಯ ಮೇಲೆ ಕೂತು ಬರೆದಿದ್ದರೆ ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಎಣಿಸುತ್ತಿದ್ದಿರೇ?

ನಾನು ಫೋನಿನಲ್ಲಿ ಮಾತಾಡುವವಳಲ್ಲ. ಆಡಬೇಕಾದ ಮಾತನ್ನು ಮೊದಲು ಚೀಟಿಯಲ್ಲಿ ಬರೆದುಕೊಂಡು, ಎರಡು ಸಲ ಓದಿಕೊಂಡು, ಆಮೇಲೆ ನಂಬರು ಒತ್ತುವವಳು. ಹಾಗೆಯೇ ನಿಮ್ಮ ಕಚೇರಿಗೆ ಕರೆ ಮಾಡಿದೆ. ಎತ್ತಿದವರು ಬಹಳ ಸೌಜನ್ಯದವರು.

"ಮೇಡಂ, ಆಕ್ಷೇಪಣೆ ಎಣಿಸೋದು ನಮ್ ಮೇಜು. ಹಕ್ಕಿ ಎಣಿಸೋದು ಮೂರನೇ ಮಹಡಿ," ಅಂದರು.

"ಎರಡೂ ಅದೇ ಪತ್ರಗಳಲ್ವಾ?"

"ಪತ್ರ ಅದೇ ಮೇಡಂ. ಮಹಡಿ ಬೇರೆ."

ನನ್ನ ಚೀಟಿಯ ಕೊನೆಯ ಸಾಲಿಗೆ ಹೋದೆ. ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟೆ.

ಈಗ ಒಪ್ಪಿಕೊಳ್ಳಬೇಕಾದದ್ದೊಂದಿದೆ. ಆ ಪತ್ರಗಳನ್ನೆಲ್ಲ ಒಬ್ಬರೇ ಬರೆದಂತೆ ತೋರುವುದಕ್ಕೆ ಕಾರಣ, ಅವನ್ನೆಲ್ಲ ಒಬ್ಬಳೇ ಬರೆದದ್ದು. ಆ ಒಬ್ಬಳು ನಾನು. ಹೀಗಾಗಲು ನಿಮ್ಮ ನಿಯಮವೇ ಕಾರಣ ಎಂಬುದನ್ನೂ ದಯವಿಟ್ಟು ಕೇಳಿಸಿಕೊಳ್ಳಿ. ಮೊದಲ ಸುತ್ತಿನಲ್ಲಿ ನಾವು ಅಚ್ಚು ಹಾಕಿಸಿದ ಕಾರ್ಡುಗಳನ್ನು ಕಳಿಸಿದ್ದೆವು: "ನಮ್ಮ ಒರತೆಯಿಂದ ಒಂಬೈನೂರು ಅಡಿ ಮೇಲೆ ಅನಿಲ ಬಾವಿ ಬೇಡ." ಒಂದೇ ಒಕ್ಕಣೆಯ ಪತ್ರಗಳನ್ನು ಒಂದೇ ಎಂದು ಪರಿಗಣಿಸಲಾಗುವುದು ಎಂದು ನೀವು ಉತ್ತರಿಸಿದಿರಿ. ಆ ಉತ್ತರ ಬಂದದ್ದು ಗುರುವಾರ. ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮಾರಾಟಕ್ಕೆ ಊರೆಲ್ಲ ಸೇರಿ ಪಿರೋಗಿ ಮಾಡುತ್ತದೆ. ಹಿಟ್ಟು ಲಟ್ಟಿಸಿ, ಆಲೂಗಡ್ಡೆ ತುಂಬಿ, ಅಂಚು ಚಿವುಟಿ ಮುಚ್ಚುವ ಕೆಲಸ. ಕೈಗೆ ಕೆಲಸ, ಬಾಯಿಗೆ ಬಿಡುವು. ಆದ್ದರಿಂದ ನಮ್ಮ ಹೋರಾಟ ಸಮಿತಿಯ ಸಭೆಯೂ ಅಲ್ಲೇ. ಪಿರೋಗಿಗೂ ಹೋರಾಟಕ್ಕೂ ಬರ್ನಡೀನ್ ಹ್ಲಾವಾಟಿ ಅವರೇ ಯಜಮಾನತಿ.

ಅವರು ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿ, ಮೈದಾ ಮೆತ್ತಿದ ಬೆರಳನ್ನು ನನ್ನತ್ತ ಚಾಚಿದರು.

"ಏನೇ ಕೋರಾ, ನಾಲ್ಕು ವರ್ಷ ಕಾಲೇಜಲ್ಲಿ ಕಥೆ, ಕವಿತೆ ಅಂತ ಓದ್ಕೊಂಡು ಬಂದಿದೀಯ. ಒಂದ್ ಸಲ ಆದ್ರೂ ಉಪಯೋಗಕ್ಕೆ ಬರ್ಲಿ. ಎಂಬತ್ಮೂರು ಪತ್ರ ಬರಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರ್ಬಾರ್ದು."

"ಎಂಬತ್ತಮೂರಾ?"

"ನಿಂದೂ ಸೇರಿ. ನಿಂದನ್ನ ಬೇಕಾದ್ರೆ ನಿನ್ನಿಷ್ಟದ ಹಾಗೆ ಬರ್ಕೋ."

ಒಬ್ಬೊಬ್ಬರಿಂದಲೂ ಎರಡೆರಡು ಸಾಲು ಕೇಳಿ ಬರೆದುಕೊಂಡೆ. ಅವರ ಎರಡು ಸಾಲನ್ನು ನಾನು ಎರಡು ಪುಟ ಮಾಡಿದೆ. ಹಂದಿ ಸಾಕುವವರ ಬಾಯಲ್ಲಿ ಸಂಜೆಗೆಂಪನ್ನು ವರ್ಣಿಸಿದೆ. ಟ್ರ್ಯಾಕ್ಟರ್ ರಿಪೇರಿಯವರಿಗೆ ಹಿಮ ಕರಗುವ ಸದ್ದು ಕೇಳಿಸಿದೆ. ಮೂವತ್ತನೆಯ ಪತ್ರದ ಹೊತ್ತಿಗೆ ಕಲ್ಪನೆ ಸುಸ್ತಾಯಿತು. ಕಳೆದ ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಒಂದೇ ಒಂದು ಮಿಂಚುಳ್ಳಿಯನ್ನು ತೊರೆಯ ಬಳಿ ನೋಡಿದ್ದೆ. ಪತ್ರ ಎಲ್ಲಿ ಸೊರಗಿತೋ ಅಲ್ಲೆಲ್ಲ ಅದನ್ನೇ ಕರೆದೆ. ಅದೂ ಬೇಸರಪಡದೆ ಬಂತು. ಎಷ್ಟು ಸಲ ಬಂತೆಂದು ನಾನು ಎಣಿಸಿರಲಿಲ್ಲ. ನಿಮ್ಮ ಮೂರನೆಯ ಮಹಡಿ ಎಣಿಸಿತು.

ಮುಂದಿನ ಗುರುವಾರ ಎಲ್ಲರೂ ಹಿಟ್ಟಿನ ಕೈಯಲ್ಲೇ ಸಹಿ ಮಾಡಿದರು. ಯಾರೂ ಓದಲಿಲ್ಲ. "ನೀನ್ ಓದಿದವಳು ಕಣಮ್ಮ, ಸರಿಯಾಗೇ ಇರುತ್ತೆ," ಅಂದರು. ಲಕೋಟೆಗಳ ಮೇಲೆ ಶಂಕಾಸ್ಪದ ಬಿಳಿ ಪುಡಿ ಕಂಡದ್ದರಿಂದ ಪರಿಶೀಲನೆ ಎರಡು ದಿನ ತಡವಾಯಿತೆಂದು ನಿಮ್ಮ ವರದಿಯ ಅಡಿಟಿಪ್ಪಣಿ ಹೇಳುತ್ತದೆ. ಅದು ಮೈದಾ. ಪ್ರಯೋಗಾಲಯದವರು ಇಷ್ಟರಲ್ಲಿ ತಿಳಿಸಿರಬಹುದು.

ಇಲ್ಲಿಯವರೆಗೆ ನಗಬಹುದು. ನಾವೂ ನಕ್ಕೆವು. ಹೋದ ಗುರುವಾರ ಬರ್ನಡೀನ್ ಅವರು ನಿಮ್ಮ ವರದಿಯನ್ನು ಓದುತ್ತ ಹದಿನಾಲ್ಕನೆಯ ಪುಟಕ್ಕೆ ಬಂದಾಗ ನಗು ನಿಂತಿತು. ಅಲ್ಲಿ ಹೀಗಿದೆ: "ಒರತೆಯ ನೀರಿನ ಈವರೆಗಿನ ಸ್ಥಿತಿಯ ಬಗ್ಗೆ ಸ್ಥಳೀಯರಿಂದ ಯಾವುದೇ ಅಳತೆ ಅಥವಾ ದಾಖಲೆ ಬಂದಿರುವುದಿಲ್ಲ. ಆದುದರಿಂದ ಮುಂದೆ ನೀರಿನಲ್ಲಿ ಬದಲಾವಣೆ ಕಂಡುಬಂದಲ್ಲಿ ಅದನ್ನು ಬಾವಿಗಳಿಗೆ ಸಂಬಂಧಿಸಲು ಆಧಾರ ಇರುವುದಿಲ್ಲ." ಸರಳವಾಗಿ ಹೇಳುವುದಾದರೆ, ನಾಳೆ ನಮ್ಮ ನೀರು ಕೆಟ್ಟರೆ, ಅದು ನಿನ್ನೆ ಚೆನ್ನಾಗಿತ್ತು ಎನ್ನುವುದಕ್ಕೆ ಸಾಕ್ಷಿ ತನ್ನಿ ಎನ್ನುತ್ತೀರಿ.

ಮೂಲೆಯಲ್ಲಿ ಆಲೂಗಡ್ಡೆ ಹಿಸುಕುತ್ತಿದ್ದ ವರ್ನನ್ ಶಪ್ ಅವರು ತಲೆ ಎತ್ತಿದರು. ಅವರು ಶಾಲೆಯ ಬಸ್ಸು ಓಡಿಸುತ್ತಾರೆ. ಊರಿನ ಗಾಳ ಹಾಕುವವರ ಸಂಘಕ್ಕಾಗಿ ಒರತೆಯ ನೀರಿನ ಸಿಮೆಂಟು ತೊಟ್ಟಿಗಳಲ್ಲಿ ಟ್ರೌಟ್ ಮೀನಿನ ಮರಿಗಳನ್ನೂ ಸಾಕುತ್ತಾರೆ. ನಾಲ್ಕು ಸಾವಿರ ಮರಿ. ನೀರು ಸ್ವಲ್ಪ ಬೆಚ್ಚಗಾದರೂ, ಸ್ವಲ್ಪ ಕೆಸರಾದರೂ, ಅವು ಮಧ್ಯಾಹ್ನದೊಳಗೆ ಹೊಟ್ಟೆ ಮೇಲಾಗಿ ತೇಲುತ್ತವೆ.

"ದಾಖಲೆ ಕೊಟ್ಟಿದ್ನಲ್ಲ," ಅಂದರು.

"ಯಾರಿಗೆ?" ಅಂದರು ಬರ್ನಡೀನ್.

ಅವರು ಹಿಸುಕುವ ಕೋಲನ್ನು ನನ್ನತ್ತ ತೋರಿಸಿದರು.

ನಿಜ, ಕೊಟ್ಟಿದ್ದರು. ಅವರ ಎರಡು ಸಾಲು ನನ್ನ ನೋಟುಬುಕ್ಕಿನಲ್ಲಿ ಇತ್ತು: "ನೀರು ಐವತ್ತು ಡಿಗ್ರಿ ಫ್ಯಾರನ್‌ಹೀಟ್. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಅಳತೆ ಮಾಡ್ತಿದೀನಿ, ಬರೆದಿಟ್ಟಿದೀನಿ, ಬೇಕಾದ್ರೆ ಬಂದು ನೋಡಿ." ಜೊತೆಗೆ ಕ್ಯಾಲೆಂಡರಿನ ಒಂದು ಹಾಳೆಯನ್ನೂ ಕೊಟ್ಟಿದ್ದರು. ಆ ಸಾಲುಗಳು ನನಗೆ ತೀರ ಒಣಕಲಾಗಿ ಕಂಡಿದ್ದವು. ಹಾಳೆಯನ್ನು ಒಂದು ಕಾದಂಬರಿಯ ನಡುವೆ ಗುರುತಿಗೆ ಇಟ್ಟುಕೊಂಡಿದ್ದೆ.

"ನಂದು ಅಂತ ಏನ್ ಕಳ್ಸಿದೀಯ, ಸ್ವಲ್ಪ ಓದು ಕೇಳಣ," ಅಂದರು ವರ್ನನ್.

ಪ್ರತಿ ನನ್ನ ಚೀಲದಲ್ಲೇ ಇತ್ತು. ಓದಿದೆ. ನನ್ನ ದನಿ ಮೇಜಿನ ಆಚೆಗೆ ಹೋಗುವುದಿಲ್ಲ. ಆದರೆ ಆವತ್ತು ಎಲ್ಲರೂ ಲಟ್ಟಣಿಗೆ ಬಿಟ್ಟು ಹತ್ತಿರ ಬಂದು ನಿಂತಿದ್ದರು. "ಮುಂಜಾನೆಯ ಮಂಜಿನಲ್ಲಿ ಮಿಂಚುಳ್ಳಿಯೊಂದು ನೀಲಿ ಗೆರೆಯಂತೆ ಹಾದುಹೋಗುವಾಗ ನನ್ನ ಹೃದಯ ಹಗುರಾಗುತ್ತದೆ."

ಮೊದಲು ನಕ್ಕದ್ದು ಅವರ ಹೆಂಡತಿ ಗ್ಲೆಂಡಾ. "ಮೂವತ್ತಾರು ವರ್ಷ ಸಂಸಾರ ಮಾಡಿದೀನಿ. ಹಗುರ ಆಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ ನೋಡು."

"ಆ ಕಳ್ ಹಕ್ಕಿ ದಿನಕ್ಕೆ ಹತ್ತು ಮರಿ ಎತ್ಕೊಂಡ್ ಹೋಗ್ತಿತ್ತು," ಅಂದರು ವರ್ನನ್, ಗೋಡೆಗೆ ಹೇಳುವಂತೆ. "ಅದ್ರ ಕಾಟಕ್ಕೆ ತೊಟ್ಟಿ ಮೇಲೆ ಬಲೆ ಕಟ್ಟಿದೀನಿ. ನನ್ ಬಾಯಲ್ಲೇ ಅದಕ್ಕೆ ಹಾಡ್ ಹೇಳ್ಸಿದೀಯಲ್ಲೇ ತಾಯಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. "ಮರಿಗಳ್ನ ಎಲ್ಲಿಗೆ ಸಾಗ್ಸೋದು ಅಂತ ಯೋಚ್ನೆ," ಅಂದು ಮತ್ತೆ ಆಲೂಗಡ್ಡೆ ಹಿಸುಕಿದರು.

ಮರುದಿನ ಅವರ ಮೀನಿನ ತೊಟ್ಟಿಗಳಿರುವ ಶೆಡ್ಡಿಗೆ ಹೋದೆ. ಇಲ್ಲಿ ಶವಸಂಸ್ಕಾರದ ಅಂಗಡಿಯವರು ಪ್ರತಿ ಹೊಸ ವರ್ಷಕ್ಕೆ ಮನೆಮನೆಗೆ ಒಂದು ಕ್ಯಾಲೆಂಡರು ಕೊಡುತ್ತಾರೆ, ಮರೆಯದಿರಲಿ ಎಂದು. ಒಂದೇ ಮೊಳೆಯ ಮೇಲೆ ಅಂಥ ಇಪ್ಪತ್ತೆರಡು ಕ್ಯಾಲೆಂಡರು ತೂಗುತ್ತಿದ್ದವು. ಪ್ರತಿ ಚೌಕದಲ್ಲೂ ಪೆನ್ಸಿಲಿನಲ್ಲಿ ನೀರಿನ ಶಾಖ, ಬಕೆಟ್ಟು ತುಂಬಲು ಹಿಡಿದ ಸೆಕೆಂಡು. ಐವತ್ತು. ಐವತ್ತು. ಐವತ್ತು. ಅಂದರೆ ಕೈಯಿಟ್ಟರೆ ಬೆರಳು ಜೋಮು ಹಿಡಿಯುವಷ್ಟು ತಣ್ಣಗೆ, ಜನವರಿಯಲ್ಲೂ ಜುಲೈಯಲ್ಲೂ. ಜಾಗ ಉಳಿದ ಕಡೆ ಒಂದೆರಡು ಮಾತು. "ಟ್ರಕ್ಕು ಕೆಟ್ಟಿದೆ. ಐವತ್ತು." "ಪ್ರವಾಹ. ಸೇತುವೆ ಹೋಯ್ತು. ಐವತ್ತು." ಒಂಬತ್ತು ವರ್ಷದ ಹಿಂದಿನ ಮಾರ್ಚ್ ತಿಂಗಳಲ್ಲಿ, "ಗ್ಲೆಂಡಾ ಹೋದಳು. ಐವತ್ತು." ಅದೇ ವರ್ಷದ ಜುಲೈಯಲ್ಲಿ, "ಗ್ಲೆಂಡಾ ಬಂದಳು. ಐವತ್ತು." ವರ್ನನ್ ಅವರು ಮೂತ್ರಪಿಂಡದ ಕಲ್ಲು ತೆಗೆಸಿಕೊಳ್ಳಲು ಆಸ್ಪತ್ರೆ ಸೇರಿದ್ದ ಎರಡು ದಿನ ಬೇರೆ ಕೈಬರಹವಿದೆ: "ಐವತ್ತು. ಇಷ್ಟು ಹೊತ್ತಿಗೆ ಏಳೋದು ಹುಚ್ಚರ ಕೆಲಸ."

ನಾನು ಎಂಬತ್ತಮೂರು ಪತ್ರ ಬರೆದು ಹೇಳಲಾಗದ್ದು ಅಲ್ಲಿ ಮೊಳೆಗೆ ತೂಗುತ್ತಿತ್ತು. ಅದನ್ನು ಕಾಣಲಿಲ್ಲವೆಂದು ನಿಮ್ಮನ್ನು ಬೈಯುವ ಹಕ್ಕು ನನಗೆ ಅರ್ಧವೇ ಇದೆ. ಆ ಅರ್ಧವನ್ನು ಬಳಸಿಕೊಳ್ಳುತ್ತೇನೆ. "ಬೇಕಾದರೆ ಬಂದು ನೋಡಿ" ಎಂದು ನಾನು ಬರೆಯಲಿಲ್ಲ, ಒಪ್ಪಿದೆ. ಬರೆಯದಿದ್ದರೂ ಬಂದು ನೋಡುವುದು ನಿಮ್ಮ ಉದ್ಯೋಗವಲ್ಲವೇ? ಬಾವಿ ಕೊರೆಯಲು ಅರ್ಜಿ ಹಾಕಿದ ಕಂಪನಿಯ ಕಚೇರಿಗೆ ನೀವು ಮೂರು ಸಲ ಹೋಗಿ ಬಂದಿರುವುದು ವರದಿಯ ಅನುಬಂಧದಲ್ಲಿದೆ, ಊಟದ ವಿವರ ಸಮೇತ. ನಮ್ಮ ಕಣಿವೆಗೆ ಒಂದು ಸಲವೂ ಬರದೆ ನಮ್ಮ ಹಕ್ಕಿಗಳು ಸುಖವಾಗಿವೆ ಎಂದು ಯಾವ ಕಿಟಕಿಯಿಂದ ಕಂಡಿರಿ? ಬಂದಿದ್ದರೆ ವರ್ನನ್ ಅವರು ನಿಮ್ಮ ಕೈಯನ್ನೂ ನೀರಿಗೆ ಹಿಡಿದು ತೋರಿಸುತ್ತಿದ್ದರು. ಬರ್ನಡೀನ್ ಅವರು ನಿಮಗೂ ಒಂದು ತಟ್ಟೆ ಪಿರೋಗಿ ಬಡಿಸಿ, ಬಿಳಿ ಪುಡಿಯ ಮೂಲವನ್ನು ಸ್ಥಳದಲ್ಲೇ ಪತ್ತೆ ಹಚ್ಚಿಸುತ್ತಿದ್ದರು.

ನಮ್ಮ ಬೇಡಿಕೆ ಇಷ್ಟು. ನಾನು ಬರೆದ ಎಂಬತ್ತಮೂರು ಪತ್ರಗಳನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಸಹಿ ಮಾಡಿದವರೆಲ್ಲರ ಒಪ್ಪಿಗೆ ಪಡೆದು. ಅವುಗಳ ಜೊತೆಗೆ ಮೂವತ್ತು ಮಿಂಚುಳ್ಳಿಗಳನ್ನು ವರದಿಯಿಂದ ಹಾರಿಬಿಡಿ. ಉಳಿದ ಒಂದು ನಿಜವಾದದ್ದು, ಬಲೆಯ ಮೇಲೆ ಕೂತು ವರ್ನನ್ ಅವರಿಂದ ಬೈಸಿಕೊಳ್ಳುತ್ತಿರುತ್ತದೆ. ಇಪ್ಪತ್ತೆರಡು ಕ್ಯಾಲೆಂಡರುಗಳನ್ನು ನೀರಿನ ಈವರೆಗಿನ ದಾಖಲೆ ಎಂದು ಸ್ವೀಕರಿಸಿ. ಅದನ್ನು ಓದಿ ಮುಗಿಸುವವರೆಗೆ ಗುಡ್ಡಕ್ಕೆ ಯಂತ್ರ ಹತ್ತಿಸಬೇಡಿ.

ಓದಲು ಸಮಯವಿಲ್ಲ ಎಂದು ನೀವು ಹೇಳಬಹುದೆಂದು ಬರ್ನಡೀನ್ ಅವರಿಗೆ ಅನುಮಾನ. ಅದಕ್ಕೆ ಅವರೇ ವ್ಯವಸ್ಥೆ ಮಾಡಿದ್ದಾರೆ. ಮುಂದಿನ ಮಂಗಳವಾರ ಮಧ್ಯಾಹ್ನ ಒಂದಕ್ಕೆ, ದುಡಿಯುವವರಾರೂ ಬರಲಾಗದ ಹೊತ್ತು ನೋಡಿ, ನೀವು ಬಹಿರಂಗ ವಿಚಾರಣೆ ಇಟ್ಟಿದ್ದೀರಿ. ಹೆಸರು ಬರೆಸಿದ ಪ್ರತಿಯೊಬ್ಬರಿಗೂ ಮೂರು ನಿಮಿಷ ಎಂಬುದು ನಿಮ್ಮದೇ ನಿಯಮ. ನಾವು ಎಂಬತ್ತಮೂರೂ ಜನ ರಜೆ ಹಾಕಿ ಹೆಸರು ಬರೆಸಿದ್ದೇವೆ. ಕ್ಯಾಲೆಂಡರಿನಲ್ಲಿ ಎಂಟು ಸಾವಿರದ ಚಿಲ್ಲರೆ ದಿನಗಳ ಅಳತೆಗಳಿವೆ. ತಲೆಗೆ ತೊಂಬತ್ತೇಳರಂತೆ ಹಂಚಿಕೊಂಡಿದ್ದೇವೆ. ತಾರೀಖು, ಸೆಕೆಂಡು ಬಿಟ್ಟು ಶಾಖವನ್ನಷ್ಟೇ ಓದಿದರೆ ಮೂರು ನಿಮಿಷಕ್ಕೆ ಸರಿಹೋಗುತ್ತದೆ. ಗ್ಲೆಂಡಾ ಗಡಿಯಾರ ಹಿಡಿದು ನೋಡಿದ್ದಾರೆ. ಎಲ್ಲ ಸೇರಿ ನಾಲ್ಕು ಗಂಟೆ ಒಂಬತ್ತು ನಿಮಿಷ. ನಿಮ್ಮ ಕಚೇರಿ ನಾಲ್ಕೂವರೆಗೆ ಮುಚ್ಚುತ್ತದೆ ಎಂದು ಗೊತ್ತು. ಸ್ವಲ್ಪ ತಿಂದುಕೊಂಡು ಬನ್ನಿ.

ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆಂದು ನಿಮಗೆ ಆಗ ಅನ್ನಿಸಬಹುದು. ಹೌದು, ಒಂದೇ ಮಾತು. ಪ್ರವಾಹ ಬಂದ ದಿನವೂ, ಹೆಂಡತಿ ಬಿಟ್ಟುಹೋದ ದಿನವೂ ಆ ನೀರು ಅದೇ ಮಾತು ಹೇಳಿದೆ. ನಾವು ಉಳಿಸಿಕೊಳ್ಳಬೇಕೆಂದಿರುವುದು ಅದನ್ನೇ.

ನನ್ನ ಭಾಗದ ತೊಂಬತ್ತೇಳನ್ನು ಬೇರೆಯವರಿಗೆ ಕೊಡಿ, ನಾನು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತೇನೆ ಎಂದು ಹೋದ ವಾರ ಹೇಳಿದ್ದೆ. ಎಲ್ಲರೂ ಸುಮ್ಮನೆ ಒಪ್ಪಿದ್ದರು. ನನ್ನ ಸ್ವಭಾವ ಅವರಿಗೆ ಗೊತ್ತು. ಇವತ್ತು ಅಂಚೆ ಕಚೇರಿಯಿಂದ ಹಿಂತಿರುಗುವಾಗ ಚರ್ಚಿನ ನೆಲಮಾಳಿಗೆಗೆ ಹೋಗಿ, ಯಾರಿಗೂ ಹೇಳದೆ, ನಾವು ಓದುವ ಸರದಿಯ ಪಟ್ಟಿಯ ಕ್ರಮ ಬದಲಾಯಿಸಿ ಬಂದಿದ್ದೇನೆ. ಮೊದಲ ಹೆಸರು ನನ್ನದು. ಒಂದು ಪದವನ್ನೂ ಸೇರಿಸದೆ ಓದುತ್ತೇನೆ.

ಇಂತಿ,
ಮಂಗಳವಾರಕ್ಕಾಗಿ ಈಗಿನಿಂದಲೇ "ಐವತ್ತು" ಎಂದು ಗಟ್ಟಿಯಾಗಿ ಹೇಳಿ ನೋಡುತ್ತಿರುವ
ಕೋರಾ ವಿಟ್ಕೊ
ಟ್ಯಾನರ್ಸ್ ಹಾಲೋ