ಒಂಬತ್ತು ಮನೆಯ ಹಾಡು

ಜುಲೈ 7, ಸೋಮವಾರ. ಬೆಳಿಗ್ಗೆ 11

ನೂಲು ತೊಟ್ಟಿಗೆ ಇಳಿದಾಯಿತು. ಉಪ್ಪು ಬಿದ್ದಿದೆ. ಬಣ್ಣ ಹೀರಲು ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ಕೂತು ಬರೆಯುವುದು.

ತಮ್ಮನ ಮಗಳು ಇವತ್ತೂ ಆ ಡಬ್ಬಿ ತಂದಿದ್ದಾಳೆ. ಸ್ಪೀಕರ್. ಸಾಬೂನಿನ ಪೆಟ್ಟಿಗೆಯಷ್ಟಿದೆ, ಶೆಡ್ಡಿನ ತಗಡೆಲ್ಲ ನಡುಗುತ್ತದೆ. ಬಾಯ್ಲರ್ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ — ‘ಇವತ್ತಿನ ಹಾಡು. ಹತ್ತಕ್ಕೆ ಎಂಟು. ಸೋಮವಾರದ ಮುಖ ಹೊತ್ತು ಬಂದವರಿಗೆ.’ ಯಾರ ಮುಖ ಎಂದು ಕೇಳಬೇಕಾಗಿಲ್ಲ.

ಹಾಡುವವನು ಯಾವನೋ ಹುಡುಗ. ಪೂರ್ತಿ ಮೂಗಿನಲ್ಲೇ. ಶೀತವಾದರೆ ಕಷಾಯ ಕುಡಿದು ಮಲಗಬೇಕು, ಲೋಕಕ್ಕೆಲ್ಲ ಅಂಟಿಸಬಾರದು. ಒಂದೇ ಸಾಲು, ಹನ್ನೊಂದು ಸಲ. ಎಣಿಸಿದೆ. ನಡುವೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಏನೋ ಸದ್ದು.

“ಹೇಗಿತ್ತು ದೊಡ್ಡಪ್ಪ?”

“ಮುಗೀತಾ?”

“ಮುಗೀತು.”

“ಅದೊಂದೇ ಚೆನ್ನಾಗಿತ್ತು.”

ನಕ್ಕಳು. ಬೈದರೆ ನಗುವವರನ್ನು ಕಂಡರೆ ಮೈ ಉರಿಯುತ್ತದೆ. ನಾನು ಸೀಮೆಸುಣ್ಣ ತೆಗೆದುಕೊಂಡು ಎಂಟನ್ನು ಹೊಡೆದು ಸೊನ್ನೆ ಬರೆದೆ.

ಒಂದು ಕಟ್ಟಳೆ ಮಾತ್ರ ಇಟ್ಟಿದ್ದೇನೆ. ತೊಟ್ಟಿಗೆ ಬಣ್ಣ ಕಚ್ಚಿಸುವ ಸೋಡಾ ಬಿದ್ದ ಮೇಲೆ ಡಬ್ಬಿ ಬಾಯಿ ಮುಚ್ಚಬೇಕು. ಆಮೇಲೆ ನನ್ನ ಹಾಡು. ಅಮ್ಮ ಈ ತೊಟ್ಟಿಯ ಮುಂದೆ ನಿಂತು ಹಾಡುತ್ತಿದ್ದದ್ದು. ಒಬ್ಬ ಹುಡುಗಿ ಲಂಗಕ್ಕೆ ನೀಲಿ ಬಣ್ಣ ಕೇಳಿಕೊಂಡು ಒಂಬತ್ತು ಮನೆ ತಿರುಗುತ್ತಾಳೆ. ಮನೆಗೊಂದು ಚರಣ. ಕೋಲಿನಿಂದ ನೂಲಿನ ಲಡಿ ತಿರುವುತ್ತಾ ನಿಧಾನಕ್ಕೆ ನಾಲ್ಕು ಸಲ ಹಾಡಿ ಮುಗಿಸಿದರೆ ಬಣ್ಣ ಹಿಡಿದಿರುತ್ತದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಡಿ ಬಂದವನು ನಾನು. ಅವತ್ತಿಂದ ಇದೇ ನನ್ನ ಗಡಿಯಾರ. ಗೋಡೆಗೆ ನೇತು ಹಾಕಿದ್ದ ನಿಜವಾದ ಗಡಿಯಾರ ಆವಿಗೆ ತುಕ್ಕು ಹಿಡಿದು ಸತ್ತಿತು. ಹಾಡಿಗೆ ತುಕ್ಕು ಹಿಡಿಯುವುದಿಲ್ಲ.

ಜುಲೈ 9, ಬುಧವಾರ

ಇವತ್ತಿನದು ಹೆಂಗಸಿನ ಹಾಡು. ಹಾಡಿದಳೋ ಅತ್ತಳೋ ತಿಳಿಯಲಿಲ್ಲ. ಬಾಗಿಲ ಮೇಲೆ ಹತ್ತಕ್ಕೆ ಒಂಬತ್ತು. ‘ಇದನ್ನು ಕೇಳಿಯೂ ಮನಸ್ಸು ಹಗುರವಾಗದಿದ್ದರೆ ನಿಮ್ಮಲ್ಲಿ ಮನಸ್ಸಿಲ್ಲ.’

ತಮ್ಮ ಹಿಂಡುವ ಮೆಷಿನ್ ಮುಂದೆ ನಿಂತು ಸೊಂಟ ಆಡಿಸುತ್ತಿದ್ದ. ಐವತ್ತೆಂಟು ವರ್ಷದ ಗಂಡಸು. ಆ ಮೆಷಿನ್ನಿನ ಜೊತೆ ದಿನವಿಡೀ ಇದ್ದರೂ ಬಾಯಿಂದ ನಾಲ್ಕು ಮಾತು ಉದುರದವನು. ನೋಡಲಾಗಲಿಲ್ಲ.

“ಏನೋ ಅದು?”

“ಕಾಲು ಜೋಮು ಹಿಡಿದಿತ್ತಣ್ಣ.”

“ಜೋಮು ತಾಳಕ್ಕೆ ಸರಿಯಾಗಿ ಹಿಡಿಯುತ್ತಾ?”

ಅವನ ಮಗಳು ಆಚೆ ತಕ್ಕಡಿಯ ಮುಂದೆ ಬಣ್ಣದ ಪುಡಿ ತೂಗುತ್ತಿದ್ದವಳು ನಗು ತಡೆಯಲಾರದೆ ಪುಡಿಯನ್ನೆಲ್ಲ ಮೂಗಿಗೆ ಬಳಿದುಕೊಂಡಳು. ಸಂಜೆವರೆಗೆ ನೀಲಿ ಮೂಗು. ಸರಿಯಾಯಿತು.

ಅವಳು ಇದನ್ನೆಲ್ಲ ಫೋನಿನಲ್ಲಿ ಒಂದು ಗುಂಪಿಗೆ ಕಳಿಸುತ್ತಾಳಂತೆ. ಹಾಡು, ಅದರ ಕೆಳಗೆ ತನ್ನ ತೀರ್ಪು. ನಲವತ್ತು ಜನ ಇದ್ದಾರಂತೆ. ನಲವತ್ತು ಜನಕ್ಕೂ ಬೇರೆ ಕೆಲಸವಿಲ್ಲ.

ಜುಲೈ 12, ಶನಿವಾರ. ಸಂಜೆ

ಸ್ವೆಟರ್ ಕಾರ್ಖಾನೆಯವನು ಬಂದಿದ್ದ. ಶಾಲೆ ಮಕ್ಕಳ ಸ್ವೆಟರ್ ಹೆಣೆಸುವವನು. ನಮ್ಮ ಶೆಡ್ಡಿನ ಮುಕ್ಕಾಲು ಕೆಲಸ ಅವನದೇ. ಚೀಲದಿಂದ ಒಂದು ಸ್ವೆಟರ್ ತೆಗೆದು ಮೇಜಿನ ಮೇಲೆ ಹರಡಿದ.

“ಯಜಮಾನ್ರೇ, ಮೈ ಹೋದ ವರ್ಷದ ನೂಲು. ತೋಳು ಈ ತಿಂಗಳ ನೂಲು. ನೀವೇ ನೋಡಿ.”

ನೋಡಿದೆ. ಮೈ ನೀಲಿ, ತೋಳು ಹಳೆ ಒಗೆತದ ನೀಲಿ. ಬೇರೆ ಮಗುವಿನ ತೋಳು ಕಿತ್ತು ಹೊಲಿದ ಹಾಗೆ. ನನಗೇ ಹೇಸಿಗೆಯಾಯಿತು.

“ಎರಡು ಸಲ ಆಯ್ತು. ಹೆಡ್‌ಮೇಷ್ಟ್ರು ನನ್ನ ಮುಖಕ್ಕೇ ಎಸೆದ್ರು. ಮುಂದಿನ ನೂಲೂ ಹೀಗೇ ಬಂದ್ರೆ ನಾನು ಬೇರೆ ಶೆಡ್ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳುವುದಕ್ಕೂ ಇವನ ಅಪ್ಪಣೆ ಬೇಕೇ.

ಅವನು ಹೋದ ಮೇಲೆ ಕೂಗಾಡಿದೆ. ಎಲ್ಲ ಆ ಡಬ್ಬಿಯಿಂದ. ಬೆಳಿಗ್ಗೆಯಿಂದ ಆ ಮೂಗಿನವನ ಹಾಡು ಕಿವಿಯಲ್ಲಿ ಕುಣಿಯುತ್ತಿದ್ದರೆ ನನ್ನ ಹಾಡಿನ ಓಟ ಕೆಡದೆ ಇನ್ನೇನಾಗುತ್ತದೆ. ಅವಳು ಡಬ್ಬಿ ಎತ್ತಿ ಚೀಲಕ್ಕೆ ಹಾಕಿದಳು. ಎದುರಾಡಿದ್ದರೆ ಚೆನ್ನಾಗಿತ್ತು.

ತಮ್ಮ ಮಾತ್ರ ನೆಲ ನೋಡಿಕೊಂಡು, “ಒಂದು ಗಡಿಯಾರ ತರೋಣ ಅಣ್ಣ” ಎಂದ.

“ಡಬ್ಬಿ ಇರಬಾರದು ಅಷ್ಟೆ. ಡಬ್ಬಿ ಇಲ್ಲದೇನೂ ಬಣ್ಣ ಕೆಟ್ರೆ ಕೋಲು ನಿನ್ನ ಮಗಳ ಕೈಗೆ ಕೊಟ್ಟು ತೊಟ್ಟಿಯಿಂದ ಇಳಿದುಬಿಡ್ತೀನಿ. ಆಯ್ತಾ?”

ಆಡಿದ್ದಾಯಿತು. ಆಡಿ ತಪ್ಪುವವನಲ್ಲ.

ಜುಲೈ 17, ಗುರುವಾರ

ಐದು ದಿನದಿಂದ ಶೆಡ್ಡು ಸ್ಮಶಾನ. ಬಾಯ್ಲರ್ ಬುಸುಗುಟ್ಟುವುದು, ನೀರು ತೊಟ್ಟಿಕ್ಕುವುದು, ಅಷ್ಟೇ. ಬಾಗಿಲ ಮೇಲೆ ಸೀಮೆಸುಣ್ಣದ ಗುರುತೂ ಇಲ್ಲ, ಒರೆಸಿದ್ದಾಳೆ. ತಮ್ಮ ಎರಡು ಸಲ ಲಡಿ ಕೆಳಗೆ ಬೀಳಿಸಿದ. ಮೊದಲೇ ಮಾತಿಲ್ಲದವನು, ಈಗ ಉಸಿರೂ ಸಣ್ಣಗಾಗಿದೆ. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ.

ಬೆಳಿಗ್ಗೆ ಸ್ನಾನದಲ್ಲಿ ಬೆನ್ನು ಉಜ್ಜಿಕೊಳ್ಳುತ್ತಾ ಆ ಮೂಗಿನವನ ಸಾಲು ನನ್ನ ಬಾಯಿಂದಲೇ ಹೊರಟಿತು. ನಾನೂ ಮೂಗಿನಲ್ಲೇ ಹಾಡುತ್ತಿದ್ದೆ. ಥೂ. ಬಾಯಿ ಮುಕ್ಕಳಿಸಿದೆ. ಆದರೆ ಬರೆದಿಡುತ್ತೇನೆ, ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು — ಬಚ್ಚಲಿಂದ ಶೆಡ್ಡಿನವರೆಗೆ ಮಂಡಿ ನೋವು ನೆನಪಾಗಲಿಲ್ಲ.

ನಾಳೆ ಸ್ವೆಟರ್‌ನವನ ನೂಲು.

ಜುಲೈ 18, ಶುಕ್ರವಾರ. ಸಂಜೆ 5

ಪುಡಿ ಎರಡು ಸಲ ತೂಗಿಸಿದೆ. ಉಪ್ಪು ನಾನೇ ಅಳೆದೆ. ನೀರಿನ ಬಿಸಿ ನಾನೇ ನೋಡಿದೆ. ಸೋಡಾ ಬಿತ್ತು. ನಾಲ್ಕು ಸಲ ಹಾಡಿದೆ, ಒಂದು ಸಲವೂ ಅವಸರ ಮಾಡಲಿಲ್ಲ.

ತೊಳೆದು ಒಣಗಿಸಿ ಹಳೆಯ ಲಡಿಯ ಪಕ್ಕ ಇಟ್ಟೆವು. ಮತ್ತೆ ಅದೇ ಒಗೆತದ ನೀಲಿ.

ಪುಡಿ ಮಾರಿದ ಏಜೆಂಟನನ್ನು ಬೈದೆ. ನೀರನ್ನು ಬೈದೆ. ಉಪ್ಪಿನ ಮೂಟೆಗೆ ಒದ್ದು ಕಾಲು ನೋಯಿಸಿಕೊಂಡೆ.

ಹುಡುಗಿ ಬಂದು ಪಕ್ಕದಲ್ಲಿ ನಿಂತಳು. “ದೊಡ್ಡಪ್ಪ, ಬೈಯಲ್ಲ ಅಂದ್ರೆ ಒಂದು ಕೇಳಿಸ್ಲಾ?”

“ಬೈತೀನಿ. ಕೇಳಿಸು.”

ಡಬ್ಬಿ ತೆಗೆದಳು. ಒಬ್ಬ ಮುದುಕ ಹಾಡುತ್ತಿದ್ದ. ಗಂಟಲಲ್ಲಿ ಮರಳು ತುಂಬಿದವನ ಹಾಗೆ. ಎರಡು ಸಾಲು ಕೇಳಿದ ಮೇಲೆ ಗೊತ್ತಾಯಿತು, ನಾನು. ಹೋದ ವರ್ಷ ನನಗೆ ಹೇಳದೆ ಕೇಳದೆ ಫೋನಿನಲ್ಲಿ ಹಿಡಿದಿಟ್ಟಿದ್ದಾಳೆ. ಕಳ್ಳಿ. ಮೊದಲನೇ ಮನೆಯ ತೋಟಗಾರ, ಎರಡನೇ ಮನೆಯ ಕುರುಬ, ಮೂರನೇ ಮನೆಯ ಕಮ್ಮಾರ. ಆಮೇಲೆ —

ನಾಕನೆ ಮನೆಯೋನು ಚಕ್ರವ ನಿಲಿಸಿದ
ನೀಲಿ ನನ್ನಲ್ಲಿಲ್ಲ ಮಗಳೆ
ಮಣ್ಣಿನ ಕೈಯೊರೆಸಿ ಮಡಕೇಲಿ ನೀರಿಟ್ಟ
ಆಕಾಶ ಬಿತ್ತದರೊಳಗೆ

ಧ್ವನಿ ನನ್ನದೇ. ಚರಣ ಯಾರದು? ಮೂರನೆಯ ಕಮ್ಮಾರ ಆದ ಮೇಲೆ ಬಡಗಿ. ನನಗೆ ಗೊತ್ತಿರುವುದು ಹಾಗೆ.

“ಇದನ್ನ ನೀನು ಸೇರಿಸಿದ್ದೀಯ” ಎಂದೆ.

“ನಿಮ್ಮ ಗಂಟಲಲ್ಲಿ ನಾನು ಹೇಗೆ ಸೇರಿಸ್ಲಿ ದೊಡ್ಡಪ್ಪ?”

ಡಬ್ಬಿ ನಿಲ್ಲಿಸಿದಳು. ಆಗ ಹಿಂಡುವ ಮೆಷಿನ್ ಕಡೆಯಿಂದ ತಮ್ಮ ಕುಂಬಾರನ ಚರಣವನ್ನು ಪೂರ್ತಿ ಹಾಡಿದ. ತಿರುಗಿಯೂ ನೋಡದೆ. ಲಡಿ ಹಿಂಡುತ್ತಲೇ.

ಅವಳು ಹೇಳಿದಳು, ಈ ಬೇಸಿಗೆಯಿಂದ ನಾನು ಕುಂಬಾರನ ಮನೆ ಬಿಟ್ಟು ಮೂರರಿಂದ ನೇರ ಐದನೇ ಮನೆಗೆ ಹೋಗುತ್ತಿದ್ದೇನಂತೆ. ಪ್ರತಿ ಸಲ. ನಾಲ್ಕು ಸಲಕ್ಕೆ ಹೆಚ್ಚುಕಡಿಮೆ ಐದು ನಿಮಿಷ ನೂಲಿಗೆ ಮೋಸ.

“ನಿಂಗೂ ಗೊತ್ತಿತ್ತೇನೋ?” ತಮ್ಮನನ್ನು ಕೇಳಿದೆ.

“ಗೊತ್ತಿತ್ತು.”

“ಮೂರು ತಿಂಗಳು ಬಾಯಲ್ಲಿ ಏನಿಟ್ಕೊಂಡಿದ್ದೆ?”

“ನಾಳೆ ನೆನಪಾಗುತ್ತೆ, ನಾಳೆ ನೆನಪಾಗುತ್ತೆ ಅಂದ್ಕೊಂಡೆ ಅಣ್ಣ.”

ನನ್ನ ಮೇಲೆ ಕರುಣೆ. ಉಗುಳು ಬಿದ್ದಿದ್ದರೆ ಒರೆಸಿಕೊಳ್ಳಬಹುದಿತ್ತು.

ಜುಲೈ 20, ಭಾನುವಾರ

ನಾಲ್ಕನೇ ಚರಣವನ್ನು ಬರೆದುಕೊಂಡೆ. ಇಪ್ಪತ್ತು ಸಲ ಓದಿದೆ. ಸ್ಲೇಟು ಹಿಡಿದ ಕತ್ತೆಯ ಹಾಗೆ. ಅಂಗಳದಲ್ಲಿ ತಿರುಗುತ್ತಾ ಹೇಳಿದೆ, ಬಂತು. ಊಟ ಮಾಡಿ ಎದ್ದೆ. ಕಮ್ಮಾರನಾದ ಮೇಲೆ ಬಡಗಿ.

ಜುಲೈ 21, ಸೋಮವಾರ

ಕೋಲು ಕೊಟ್ಟೆ. ಬೇಡ ಎಂದಳು. ಹಿಡಿ ಎಂದು ಗದರಿದೆ. ಹಿಡಿದಳು. ಕಣ್ಣಲ್ಲಿ ನೀರು ತಂದುಕೊಂಡಳು, ಆವಿಗೆ ಬಂದದ್ದು ಎಂದುಕೊಂಡೆ.

ಈಗ ನಾನು ಹಿಂಡುವ ಮೆಷಿನ್ನಿನ ಹತ್ತಿರ, ತಮ್ಮನ ಪಕ್ಕ.

ಜುಲೈ 30, ಬುಧವಾರ

ಬರೆಯುವಂಥದ್ದೇನೂ ಇರಲಿಲ್ಲ.

ಸ್ವೆಟರ್‌ನವನು ಹೊಸ ನೂಲು ನೋಡಿ ತಲೆದೂಗಿದ. ಮೈ ಯಾವುದು ತೋಳು ಯಾವುದು ತಿಳಿಯುವುದಿಲ್ಲವಂತೆ. “ಯಜಮಾನ್ರ ಕೈ ಅಂದ್ರೆ ಕೈ” ಎಂದ. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಕಣ್ಣು ಬಿಟ್ಟೆ. ಮುಚ್ಚಿದಳು. ಆಮೇಲೆ ನಾನೇ ಅವನಿಗೆ ಹೇಳಿದೆ, ಕೈ ಇವಳದು ಎಂದು. ಸುಮ್ಮನೆ ಮೆಚ್ಚುಗೆ ನುಂಗಿದರೆ ಅಜೀರ್ಣ.

ಅವಳು ಗಡಿಯಾರ ತರಲಿಲ್ಲ. ಸೋಡಾ ಬಿದ್ದ ಕೂಡಲೇ ಡಬ್ಬಿಯಲ್ಲಿ ಹೋದ ವರ್ಷದ ನನ್ನನ್ನು ಹಾಕುತ್ತಾಳೆ, ನಾಲ್ಕು ಸಲ. ನಾನು ಇಲ್ಲಿ ನಿಂತು ಅವನು ಹಾಡುವುದನ್ನು ಕೇಳಬೇಕು. ಎಂಥ ಒರಟು ಗಂಟಲು. ಪಲ್ಲವಿಯನ್ನು ಎಳೆಯುವ ರೀತಿ ನೋಡಿದರೆ ಎರಡು ಬಾರಿಸಬೇಕು ಅನ್ನಿಸುತ್ತದೆ. ಕುಂಬಾರನ ಮನೆಗೆ ಮಾತ್ರ ಸಲೀಸಾಗಿ ನುಗ್ಗುತ್ತಾನೆ, ದಾರಿ ಗೊತ್ತಿರುವವನ ಹಾಗೆ. ಬಾಗಿಲ ಮೇಲೆ ಹತ್ತಕ್ಕೆ ಎರಡು ಬರೆದೆ. ಅವಳು ಒರೆಸಿ ಹತ್ತಕ್ಕೆ ಹತ್ತು ಬರೆದಳು. ನಾನು ಒರೆಸಿದೆ. ಅವಳು ಬರೆದಳು.

ಬೆಳಿಗ್ಗೆ ಮೂಗಿನವನ ಹಾಡಿಗೂ ಅಪ್ಪಣೆ ಕೊಟ್ಟಿದ್ದೇನೆ. ತಮ್ಮ ಸೊಂಟ ಆಡಿಸಿದರೆ ಮುಖ ತಿರುಗಿಸಿಕೊಳ್ಳುತ್ತೇನೆ. ಒಂದೇ ಸಾಲಿನ ಹಾಡು, ಮರೆಯಲು ಅದರಲ್ಲಿ ಏನಿದೆ. ಹತ್ತಕ್ಕೆ ನಾಲ್ಕು.

ಆಗಸ್ಟ್ 3, ಭಾನುವಾರ. ಮಧ್ಯಾಹ್ನ

ಅಸಹ್ಯದ ವಿಷಯ. ನನ್ನ ಹಾಡನ್ನು ಆ ಗುಂಪಿಗೆ ಕಳಿಸಿದ್ದಾಳೆ. ಕೇಳದೆ. ನಲವತ್ತು ಅಪರಿಚಿತರ ಕಿವಿಯಲ್ಲಿ ನಾನು. ಯಾರೋ ಒಬ್ಬಳು ಬರೆದಿದ್ದಾಳಂತೆ, ಬಸ್ಸಿನಲ್ಲಿ ನಿಂತು ಕೇಳಿದೆ, ಆಫೀಸಿನಲ್ಲಿ ಬೈಸಿಕೊಂಡದ್ದು ಮರೆತುಹೋಯಿತು, ಇಳಿಯುವ ಜಾಗ ದಾಟಿ ಎರಡು ಸ್ಟಾಪ್ ಮುಂದೆ ಹೋದೆ ಎಂದು. ಹೋಗಲಿ. ಅವಳ ಕಾಲು, ಅವಳ ಚಪ್ಪಲಿ.

“ದೊಡ್ಡಪ್ಪ, ಎಲ್ರೂ ಒಂದೇ ಕೇಳ್ತಿದ್ದಾರೆ. ಆರನೇ ಮನೆಯ ಅಂಬಿಗ ಏನು ಕೊಟ್ಟ ಅಂತ. ಅಲ್ಲಿ ಬಾಯ್ಲರ್ ಕೂಗಿಬಿಟ್ಟಿದೆ, ಏನೂ ಕೇಳ್ಸಲ್ಲ.”

“ನಿಮ್ಮಪ್ಪನ್ನ ಕೇಳು. ಅವನಿಗೆಲ್ಲ ಗೊತ್ತಲ್ಲ.”

ತಮ್ಮ ತಲೆಯಾಡಿಸಿದ. “ಆರನೇ ಚರಣ ಬಂತು ಅಂದ್ರೆ ನಂಗೆ ಬಾಯ್ಲರ್ ಆವಿ ಬಿಡೋ ಹೊತ್ತು. ಅಮ್ಮನ ಕಾಲದಿಂದ. ಒಂದು ಸಲಾನೂ ಪೂರ್ತಿ ಕೇಳಿಲ್ಲ ಅಣ್ಣ.”

ಅಂದರೆ ಅದು ಇರುವುದು ನನ್ನೊಬ್ಬನಲ್ಲಿ.

“ನಾಳೆ ಬಾಯ್ಲರ್ ಹಚ್ಚೋಕೆ ಮುಂಚೆ ಅದೊಂದನ್ನ ಹಾಡ್ತೀರಾ? ಒಂದೇ ನಿಮಿಷ.”

“ನಲವತ್ತು ಜನಕ್ಕೆ ಹಾಡೋಕೆ ನಾನೇನು ಕುಣಿಯೋ ಕರಡೀನಾ?”

“ಅವರಿಗೆ ಬೇಡ. ನಂಗೆ.”

ನೋಡೋಣ ಎಂದೆ. ಹಾಡುತ್ತೇನೆ ಎಂದು ಅವಳಿಗೆ ಗೊತ್ತಾಗಿದೆ, ಚಹಾಕ್ಕೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿದಳು. ಬಾಯೆಲ್ಲ ಅಂಟು.

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 7

ಹುಡುಗಿ ಆಗಲೇ ಶೆಡ್ಡಿನಲ್ಲಿದ್ದಾಳೆ, ಫೋನು ಹಿಡಿದುಕೊಂಡು. ತಮ್ಮ ಬಾಯ್ಲರ್ ಹಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಇವತ್ತು ಪೂರ್ತಿ ಕೇಳುತ್ತಾನಂತೆ. ಇಬ್ಬರಿಗೂ ಐದು ನಿಮಿಷ ತಡೆಯಿರಿ ಎಂದು ಕೂಗಿದ್ದೇನೆ. ಅವರ ಮುಂದೆ ತಡವರಿಸುವುದಕ್ಕಿಂತ ಮೊದಲು ಇಲ್ಲಿ ಬರೆದು ನೋಡಿಕೊಂಡರೆ ಕ್ಷೇಮ.

ಆರನೆ ಮನೆಯೋನು ಹುಟ್ಟನು ಕೆಳಗಿಟ್ಟ
ನೀಲಿ ನನ್ನಲ್ಲಿಲ್ಲ ಮಗಳೆ
ಒದ್ದೆಯ ಕೈ —
ಒದ್ದೆಯ ಕೈ —