ಶರಟು ಮಡಿಸುವ ರೋಬೋಟು

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೪, ಮಂಗಳವಾರ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಸೊಂಟನೋವು ಇಳಿಯಿತೇ? ಹಡಗಿನ ಅಡುಗೆಮನೆಯ ಆ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತಲು ಹೋಗಬೇಡಿ. ಇಲ್ಲಿ ಅತ್ತೆ, ನಾನು, ಮಗಳು ಚೋಟು ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಇರುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಅಂದುಕೊಳ್ಳಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ತಡಿ, ಇದೊಂದು ನೋಡು" ಅಂತ ಯಾವುದೋ ವಿಡಿಯೋ ಕಳಿಸುತ್ತೀರಿ. ಅದು ಮುಗಿಯುವ ಹೊತ್ತಿಗೆ ನಿಮ್ಮ ಬಿಡುವೂ ಮುಗಿದಿರುತ್ತದೆ. ಮುಖ ನೋಡಿ ಮಾತಾಡೋಣವೆಂದರೆ ಹಡಗಿನ ನೆಟ್ ಸಾಲದು, ಇಂಥವನ್ನು ಕಳಿಸಲು ಮಾತ್ರ ಹೇಗೋ ಸಾಲುತ್ತದೆ. ಕಾಗದದಲ್ಲಾದರೆ ನನ್ನ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ. ಮುಂದಿನ ಬಂದರಿನಲ್ಲಿ ಇದು ನಿಮ್ಮ ಕೈಸೇರಿದರೆ ಸಾಕು.

ಮೊನ್ನೆ ರೋಬೋಟು ಶರಟು ಮಡಿಸುವ ವಿಡಿಯೋ ಕಳಿಸಿ, ಕೆಳಗೆ "ಆಹಾ, ಏನು ಕೈ" ಅಂತ ಬರೆದಿದ್ದಿರಲ್ಲ, ನೋಡಿ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಬಂದಾಗಿನಿಂದ ಈ ಅಂಗಡಿಯಲ್ಲಿ ಊರವರ ಶರಟನ್ನೆಲ್ಲ ಮಡಿಸುತ್ತಿರುವವಳು ನಾನು. ಒಂದು ದಿನವಾದರೂ ನನ್ನ ಕೈ ನೋಡಿ ಆಹಾ ಅಂದಿದ್ದೀರಾ? ಅತ್ತೆಯೂ ನಿಮ್ಮ ಕಡೆಯವರೇ. ಅದನ್ನು ನೋಡಿ "ಪಾಪ, ಒಂದು ಮಾತೂ ಆಡದೆ ಕೆಲಸ ಮಾಡುತ್ತೆ" ಅಂದರು. ಆ ಮಾತು ಯಾರಿಗೆ ಅಂತ ನನಗೆ ತಿಳಿಯದೇ?

ರೋಬೋಟಿನದು ಹಾಳಾಗಿ ಹೋಗಲಿ. ಪಿಟೀಲು ನುಡಿಸುವ ಆ ಹಸಿರು ಉಡುಪಿನವಳ ವಿಡಿಯೋ ಕಳಿಸಿ, ಇದನ್ನು ಕೇಳಿಕೊಂಡೇ ಮಲಗುತ್ತೇನೆ ಅಂದಿರಿ. ಮಲಗುವ ಮುಂಚೆ ನನ್ನ ದನಿ ಕೇಳದಿದ್ದರೆ ನಿದ್ದೆ ಹತ್ತದು ಅನ್ನುತ್ತಿದ್ದವರು ನೀವೇ ತಾನೇ? ನನಗೆ ಹೊಟ್ಟೆಕಿಚ್ಚು, ಅದರಲ್ಲಿ ಮುಚ್ಚುಮರೆಯೇನು. ಅವಳು ಚೆನ್ನಾಗಿಯೇ ನುಡಿಸುತ್ತಾಳೆ, ಅದೇ ಇನ್ನಷ್ಟು ಸಂಕಟ. ನಿನ್ನೆ ಅವಳನ್ನೇ ಬೈದುಕೊಳ್ಳುತ್ತ ಇಸ್ತ್ರಿ ಪೆಟ್ಟಿಗೆ ಎತ್ತುವುದನ್ನು ಮರೆತು ಮೇಷ್ಟರ ಅಂಗಿಯ ಬೆನ್ನು ಸುಟ್ಟೆ. ಅವರಿಗೆ ಹೊಸ ಅಂಗಿ ಕೊಡಿಸಬೇಕು, ಅದು ನಿಮ್ಮ ಲೆಕ್ಕಕ್ಕೇ.

ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ತಣ್ಣಗಿನದನ್ನು ತಿಂದು ಮಲಗಬೇಡಿ. ಅತ್ತೆಯ ಆಶೀರ್ವಾದ ನಿಮಗಿದೆ, ಜೊತೆಗೆ ನನ್ನ ಸಿಟ್ಟೂ ಇದೆ.

ಇಂತಿ,
ಯಾರೂ ಆಹಾ ಅನ್ನದ ಕೈಯವಳು

ಮರೆತಿದ್ದೆ, ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿಮ್ಮಿಂದ ಏನಾದರೂ ಬಂದು ಫೋನು ಸದ್ದು ಮಾಡಿದರೆ ಸಾಕು, ಅತ್ತೆ ಚೋಟುವನ್ನು ಎತ್ತಿಕೊಂಡು "ಅಪ್ಪ ಬಂದ್ರು ನೋಡು" ಅನ್ನುತ್ತಾರೆ. ತೆರೆದರೆ ಕಾಣುವುದು ರೋಬೋಟು. ನೀವು ಹೊರಟಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಇವತ್ತು ಬೆಳಿಗ್ಗೆ ಆ ಶರಟು ಮಡಿಸುವ ರೋಬೋಟಿಗೆ "ಅಪ್ಪ" ಅಂದು ಮುತ್ತು ಕೊಟ್ಟಳು. ಗೋಡೆಯ ಮೇಲಿನ ನಿಮ್ಮ ಫೋಟೋ ತೋರಿಸಿದೆ. "ಯಾರು?" ಅಂದಳು. ಈಗ ಹೊಟ್ಟೆ ಉರಿದುಕೊಳ್ಳುವ ಸರದಿ ನಿಮ್ಮದು. ಇನ್ನು ಕಳಿಸುವುದಿದ್ದರೆ ನಿಮ್ಮ ಮುಖದ ವಿಡಿಯೋ ಕಳಿಸಿ. ಹಾಡಬೇಕಿಲ್ಲ, ಕುಣಿಯಬೇಕಿಲ್ಲ. ಸುಮ್ಮನೆ ಈರುಳ್ಳಿ ಹೆಚ್ಚುತ್ತಿರಿ, ಅವಳು ನೋಡುತ್ತಿರಲಿ. ಕಣ್ಣಲ್ಲಿ ನೀರು ಬಂದರೂ ಪರವಾಗಿಲ್ಲ, ಈರುಳ್ಳಿಯದು ಅಂತ ಹೇಳುತ್ತೇನೆ.