ದೋಷವಲ್ಲ, ಲಕ್ಷಣ

ಫೆಬ್ರವರಿ ೧೩, ಬೆಳಿಗ್ಗೆ ೭

ತಾರೀಕು ಸಮೇತ ಬರೆದಿಡಬೇಕು. ಮೊನ್ನೆ ಹನ್ನೊಂದನೇ ತಾರೀಕು ಬೆಳಿಗ್ಗೆ ಹತ್ತೂಕಾಲಿಗೆ, ಹೆದ್ದಾರಿಯ ಏರಿನಲ್ಲಿ, ತಮ್ಮನ ಸ್ಪೋರ್ಟ್ಸ್ ಕಾರಿನ ಎಂಜಿನ್ ಒಂದೇ ಏಟಿಗೆ ಸತ್ತಿತು. ಚಕ್ರ ಕಚ್ಚಿಕೊಂಡು ಗಾಡಿ ನಿಂತಲ್ಲೇ ನಿಂತಿತು. ಹಿಂದೆ ಬರುತ್ತಿದ್ದ ಬ್ರೆಡ್ ವ್ಯಾನ್ ಬಂದು ಗುದ್ದಿತು. ವ್ಯಾನ್ ಡ್ರೈವರನ ಕಾಲು ಎರಡು ಕಡೆ ಮುರಿದಿದೆ. ತಮ್ಮನಿಗೆ ಒಂದು ಗೀರಿಲ್ಲ. ಕಾರು ಮಾರಿದ ಕಂಪನಿಗೆ ನಾಚಿಕೆಯಿಲ್ಲ.

ಎಂದಿನಂತೆ ಪೇಪರ್ ತಿದ್ದಿದೆ. ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಕೈ, ರಿಟೈರಾದರೂ ಸುಮ್ಮನಿರದು. ಮುಖಪುಟದಲ್ಲೇ ಏಳು ತಪ್ಪು. ಅಪಘಾತದ ಸುದ್ದಿ ಐದನೇ ಪುಟದಲ್ಲಿ — ‘ಡ್ರೈವಿಂಗ್ ಮೇಷ್ಟ್ರ ಅಡ್ಡಾದಿಡ್ಡಿ ಚಾಲನೆ’. ಅದರಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಬರೀ ಸುಳ್ಳು.

ಕೆಂಪು ಪೆನ್ನಿನ ಇಂಕು ತೆಳುವಾಗುತ್ತಿದೆ. ಪೇಪರಿಗೂ ದಿನಚರಿಗೂ ಒಂದೇ ಪೆನ್ನು. ರೀಫಿಲ್ ತರಬೇಕು.

ಫೆಬ್ರವರಿ ೧೬

ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವವನು ನನ್ನ ತಮ್ಮ. ಊರೆಲ್ಲ ‘ಬ್ರೇಕ್ ಮೇಷ್ಟ್ರು’ ಅನ್ನುತ್ತದೆ. ಒಂದು ಕೇಸಿಲ್ಲ, ಒಂದು ದಂಡವಿಲ್ಲ. ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಕೂತು, ಮೂರನೇ ಗೇರಿನಾಚೆ ಹೋಗದ ಮನುಷ್ಯ. ಒಂದು ಸಲ, ಒಂದೇ ಒಂದು ಸಲ, ತಾನೇ ಸ್ಟಿಯರಿಂಗ್ ಹಿಡಿದು ಜೋರಾಗಿ ಹೋಗಬೇಕೆಂದು ಆಸೆ. ಅದಕ್ಕೇ ಕಂಪನಿಯ ಸ್ವಂತ ಶೋರೂಮಿನಿಂದ ಹಳೆಯ ಕಾರು ತಂದ. ಹನ್ನೆರಡು ವರ್ಷದ್ದು. ಗಾಜಿನ ಮೇಲೆ ಚೀಟಿ — ‘ನೂರಾಹನ್ನೊಂದು ಅಂಶ ಪರೀಕ್ಷಿಸಿ ಪ್ರಮಾಣೀಕರಿಸಿದ್ದು’. ನಾಲ್ಕು ತಿಂಗಳೂ ಬಾಳಲಿಲ್ಲ.

ಆಸ್ಪತ್ರೆಗೆ ಹೋಗಿದ್ದೆವು. ವ್ಯಾನ್ ಡ್ರೈವರ್ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದಾನೆ. ತಮ್ಮ ತಲೆ ತಗ್ಗಿಸಿ ನಿಂತ. ಡ್ರೈವರನೇ ಮಾತು ಶುರು ಮಾಡಿದ.

“ಡ್ರೈವಿಂಗ್ ಕಲಿಸೋರಂತೆ ನೀವು?”

“ಹೌದಪ್ಪ.”

“ಅಂತರ ಬಿಡದೆ ಓಡಿಸಿದ್ರೆ ಏನಾಗುತ್ತೆ ಅಂತ ಪಾಠಕ್ಕೆ ಬೇಕಾದ್ರೆ ನನ್ನ ಕಾಲಿನ ಫೋಟೋ ತಗೊಳ್ಳಿ ಮೇಷ್ಟ್ರೇ.”

ನಕ್ಕ. ತಮ್ಮ ನಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

ಫೆಬ್ರವರಿ ೧೯, ಸಂಜೆ

ಶೋರೂಮು. ನೆಲ ಎಷ್ಟು ಹೊಳೆಯುತ್ತದೆಂದರೆ ಚಪ್ಪಲಿ ಬಿಟ್ಟು ಬರಬೇಕೇನೋ ಅನ್ನಿಸುತ್ತದೆ. ಸರ್ವಿಸ್ ಮ್ಯಾನೇಜರ್ ಹುಡುಗ. ಟೈ ಕುತ್ತಿಗೆ ಹಿಸುಕುವಷ್ಟು ಬಿಗಿ.

“ಮೇಡಂ, ಇಷ್ಟು ಪವರ್ ಇರೋ ಗಾಡೀನ ಎಲ್ರೂ ಹ್ಯಾಂಡಲ್ ಮಾಡೋಕಾಗಲ್ಲ.”

“ಈ ಊರಿಗೆಲ್ಲ ಹ್ಯಾಂಡಲ್ ಮಾಡೋದು ಕಲಿಸಿದ್ದೇ ಇವನು. ನೀವೆಲ್ಲಿ ಕಲಿತಿದ್ದು?”

ಹುಡುಗ ಟೈ ಮುಟ್ಟಿಕೊಂಡ. ಇವನಲ್ಲೇ ಕಲಿತಿದ್ದ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಅನ್ನುತ್ತೆ ಅಂತ ಎರಡು ಸಲ ಬಂದು ಹೇಳಿದ್ನಲ್ಲಪ್ಪ,” ಅಂದ ತಮ್ಮ, ಮೆತ್ತಗೆ.

“ಅದು ಲಕ್ಷಣ ಸಾರ್. ಕಾರಿನ ಕೈಪಿಡಿ ಪುಸ್ತಕದಲ್ಲೇ ಇದೆ.”

“ಲಕ್ಷಣವಾಗಿ ಕಾಲು ಮುರೀತಲ್ಲ!” ಅಂದೆ ನಾನು. ಜೋರಾಗಿ. ತಮ್ಮನ ಬಲಗಾಲು ನೆಲ ಒತ್ತಿತು. ನಾನು ಮಾತಿನಲ್ಲಿ ಹದ್ದು ಮೀರಿದಾಗೆಲ್ಲ ಅವನು ಹೀಗೇ — ಪಕ್ಕದ ಸೀಟಿನ ಬ್ರೇಕ್ ತುಳಿಯುತ್ತಾನೆ.

ಹೊಸ ಎಂಜಿನ್ನಿಗೆ ಹೇಳಿದ ರೇಟು ಅವನು ಇಡೀ ಕಾರಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಥೂ.

ಫೆಬ್ರವರಿ ೨೨

ತಮ್ಮನ ಗೆಳೆಯನ ಗ್ಯಾರೇಜಿಗೆ ಕಾರು ಎಳೆಸಿದ್ದಾಯಿತು. ಗೆಳೆಯನಿಗೆ ಎಲ್ಲರೂ ‘ಕಿವುಡ’ ಅನ್ನುತ್ತಾರೆ. ಹೆಂಡತಿ ಕರೆದರೆ ಮಾತ್ರ ಕೇಳಿಸದು. ಎಂಜಿನ್ನಿನ ಪಿಸುಮಾತೂ ಕೇಳುತ್ತದೆ. ಮೂರು ದಿನ ಬಿಚ್ಚಿ, ಹಳೆ ಬನಿಯನ್ ಬಟ್ಟೆಯ ಮೇಲೆ ಇಟ್ಟು ತೋರಿಸಿದ. ಹೆಬ್ಬೆರಳಷ್ಟು ಒಂದು ಬೇರಿಂಗ್. ಪುಡಿಪುಡಿ. ಆಯಿಲ್ ಫಿಲ್ಟರ್ ತುಂಬ ಕಬ್ಬಿಣದ ಮಿನುಗು.

“ಇಷ್ಟೇ ಅಕ್ಕಾ. ಇದು ಹೋಯ್ತು, ಚೈನು ಜಾರ್ತು, ಒಳಗಿರೋದೆಲ್ಲ ಒಂದಕ್ಕೊಂದು ಹೊಡ್ಕೊಂಡು ಸತ್ವು.”

“ಜೋರಾಗಿ ಓಡಿಸಿದ್ದಕ್ಕಾ?”

“ಇವನಾ? ಜೋರಾಗಿ?” ಕಿವುಡ ತಮ್ಮನನ್ನು ನೋಡಿ ನಕ್ಕ. “ಮದುವೆ ಮನೆಯಿಂದ ಹೆಂಡ್ತೀನ ಕರ್ಕೊಂಡು ಬರುವಾಗ್ಲೂ ಇಂಡಿಕೇಟರ್ ಹಾಕಿದೋನು. ಇಲ್ಲಕ್ಕಾ. ಈ ಬೇರಿಂಗಿಗೆ ಎಣ್ಣೆ ಮುಟ್ಟೋ ದಾರೀನೇ ಇಟ್ಟಿಲ್ಲ. ಇದು ಒಡೆದದ್ದಲ್ಲ, ಒಡೆಯೋಕೇ ಹುಟ್ಟಿದ್ದು. ನಾನೇ ಇಂಥವು ಮೂರು ಬಿಚ್ಚಿದೀನಿ.”

“ಹಾಗಂತ ಬರೆದುಕೊಡ್ತೀಯಾ?”

“ಕೊಡ್ತೀನಿ. ನನ್ನ ಅಕ್ಷರ ಓದೋರು ಯಾರು? ಅವರತ್ರ ಪುಸ್ತಕ ಇದೆ.”

ಮಾರ್ಚ್ ೨, ಮಧ್ಯಾಹ್ನ ೩

ಒಂದೇ ಟಪಾಲಿನಲ್ಲಿ ಎರಡು ಕಾಗದ.

ಒಂದು, ಸಾರಿಗೆ ಕಚೇರಿಯದು. ಕಾರಣವಿಲ್ಲದೆ ಏರಿನಲ್ಲಿ ಬ್ರೇಕ್ ಹಾಕಿ ಅಪಘಾತ ಮಾಡಿದ್ದೀರಿ, ಡ್ರೈವಿಂಗ್ ಕಲಿಸುವ ನಿಮ್ಮ ಪರವಾನಗಿ ಏಕೆ ರದ್ದು ಮಾಡಬಾರದು? ಹನ್ನೆರಡನೇ ತಾರೀಕು ವಿಚಾರಣೆ. ದಾಖಲೆ ತನ್ನಿ.

ಇನ್ನೊಂದು, ಕಿವುಡನ ಬರಹ ಸೇರಿಸಿ ಕಳಿಸಿದ ದೂರಿಗೆ ಕಂಪನಿಯ ಉತ್ತರ. ಅದರ ನಕಲು ಸಾರಿಗೆ ಕಚೇರಿಗೂ ಹೋಗಿದೆ. ‘ತಾವು ಹೇಳುವ ಶಬ್ದವು ದೋಷವಲ್ಲ; ಅದು ಈ ಎಂಜಿನ್ನಿನ ಲಕ್ಷಣ. ಗ್ರಾಹಕರು ಗಾಬರಿಪಡಬೇಕಾಗಿಲ್ಲ. ಬೇರಿಂಗ್ ಮುರಿದಿರುವುದು ಚಾಲಕರ ಅತಿವೇಗದಿಂದ.’

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ! ಮೊದಲಿಂದಲೂ ಹೀಗೇ. ಇಪ್ಪತ್ತು ವರ್ಷದ ಹಿಂದೆ ನಲ್ಲಿಯಲ್ಲಿ ಕಂದು ನೀರು ಬಂದಾಗ ನಗರಸಭೆಯವರು ‘ಋತುಮಾನದ ಬಣ್ಣ’ ಅಂದರು. ಕೆಮ್ಮಿನ ಔಷಧಿ ಕುಡಿದು ಮಕ್ಕಳು ಎರಡು ದಿನ ಏಳದೇ ಇದ್ದಾಗ ಔಷಧಿ ಕಂಪನಿಯವರು ‘ಆಳವಾದ ವಿಶ್ರಾಂತಿ’ ಅಂದರು. ನನಗೆ ಎಲ್ಲ ನೆನಪಿದೆ. ಯಾರೋ ಒಬ್ಬರು ಕೂತು ಆ ಪದ ಹುಡುಕಿಕೊಟ್ಟಿರುತ್ತಾರೆ. ಅಂಥವರ ಕೈಗೆ —

ಸಂಜೆ ೫

ಮೇಲಿನ ವಾಕ್ಯ ಮುಗಿಸಲಾಗುತ್ತಿಲ್ಲ. ಕಾಗದವನ್ನು ನಾಲ್ಕು ಸಲ ಓದಿದೆ. ‘ದೋಷವಲ್ಲ’ ಆದ ಮೇಲೆ ಅರ್ಧವಿರಾಮ. ಈ ಕಾಲದಲ್ಲಿ ಅರ್ಧವಿರಾಮ ಹಾಕುವವರು ಯಾರಿದ್ದಾರೆ? ನಮ್ಮ ಪ್ರೆಸ್ಸಿನಲ್ಲಿ ಒಬ್ಬಳಿದ್ದಳು.

ಮಾರ್ಚ್ ೩, ಬೆಳಿಗ್ಗೆ ೧೧

ಸಿಕ್ಕಿತು.

ಮುದ್ರಣ ಮುಗಿದ ಮೇಲೆ ಕರಡು ರದ್ದಿ. ರದ್ದಿ ನನ್ನ ಪಾಲು. ಒಂದು ಬದಿ ಖಾಲಿ ಇರುವ ಹಾಳೆಗಳನ್ನು ಹೊಲಿದು ದಿನಚರಿ ಬರೆಯುತ್ತಿದ್ದೆ, ಇವತ್ತಿಗೂ ಅದರಲ್ಲೇ. ಅಟ್ಟದಿಂದ ಹನ್ನೊಂದು ವರ್ಷದ ಹಿಂದಿನ ಕಟ್ಟು ಇಳಿಸಿದೆ. ಸೀನಿ ಸೀನಿ ಸಾಕಾಯಿತು. ಜೂನ್ ೪ರ ಹಾಳೆ. ಮಗುಚಿದೆ.

ಅದೇ ಎಂಜಿನ್ನಿನ ಕೈಪಿಡಿಯ ಪರಿಷ್ಕೃತ ಮುದ್ರಣದ ಕರಡು. ಅಚ್ಚಿನಲ್ಲಿ ಇದ್ದದ್ದು: ‘ಈ ಬೇರಿಂಗಿನಲ್ಲಿ ದೋಷವಿರುವುದರಿಂದ ಶಬ್ದ ಬರುತ್ತದೆ. ಶಬ್ದ ಬಂದ ಗಾಡಿಯನ್ನು ಓಡಿಸಬಾರದು. ಬೇರಿಂಗ್ ಬದಲಾಯಿಸಬೇಕು.’

ಮೂರೂ ವಾಕ್ಯದ ಮೇಲೆ ಕೆಂಪು ಗೆರೆ. ಅಂಚಿನಲ್ಲಿ, ಕೆಂಪಿನಲ್ಲಿ: ‘ಈ ಶಬ್ದವು ದೋಷವಲ್ಲ; ಅದು ಈ ಎಂಜಿನ್ನಿನ ಲಕ್ಷಣ. ಗ್ರಾಹಕರು ಗಾಬರಿಪಡಬೇಕಾಗಿಲ್ಲ.’ ಕೆಳಗೆ ಕಂಪನಿಯ ಮೊಹರು, ಅಲ್ಲಿನ ಸಾಹೇಬರ ರುಜು, ‘ಒಪ್ಪಿದೆ’.

ಗೊತ್ತಿತ್ತು ಅವರಿಗೆ. ಹನ್ನೊಂದು ವರ್ಷದಿಂದ ಗೊತ್ತಿತ್ತು.

ಅಕ್ಷರ ನನ್ನದು.

ಮಾರ್ಚ್ ೯

ಐದು ದಿನ ಬರೆಯಲಿಲ್ಲ. ಪೇಪರನ್ನೂ ತಿದ್ದಲಿಲ್ಲ. ಬೇರೆಯವರ ತಪ್ಪಿಗೆ ಗೆರೆ ಎಳೆಯಲು ಹೋದರೆ ಕೈ ಹೇಸುತ್ತದೆ.

ಹುಡುಗಿ ಲಕ್ಷಣವಾಗಿದ್ದಾಳೆ ಅನ್ನುತ್ತೇವೆ. ಜ್ವರದ ಲಕ್ಷಣ ಅನ್ನುತ್ತೇವೆ. ಚಂದಕ್ಕೂ ರೋಗಕ್ಕೂ ಒಂದೇ ಪದ. ಓದಿದವನಿಗೆ ಚಂದ ಕಾಣಬೇಕು, ಕೇಳಿದರೆ ರೋಗ ಅಂತಲೂ ಹೇಳಿದ್ದೆವು ಅನ್ನಬಹುದು. ಅಷ್ಟು ಸರಿಯಾದ ಪದ ಕಂಪನಿಯವರಿಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಭಾಷೆ ಬಲ್ಲವರೇ ಬೇಕು.

ಹಾಳೆ ಸುಟ್ಟರೆ ಯಾರಿಗೂ ಗೊತ್ತಾಗದು. ಈ ವಾಕ್ಯ ಬರೆದೆನಲ್ಲ — ಅಸಹ್ಯ.

ಹಾಳೆಯ ಇನ್ನೊಂದು ಬದಿಯಲ್ಲಿ, ಆ ದಿನದ ದಿನಚರಿಯಲ್ಲಿ, ಇನ್ನೂ ಕೆಟ್ಟದ್ದಿದೆ. ಎರಡು ಬದಿಯನ್ನು ಸೀಳಿ ಬೇರೆ ಮಾಡಲು ಬರುವುದಿಲ್ಲ.

ಮಾರ್ಚ್ ೧೦, ಸಂಜೆ ೬

ತಮ್ಮನನ್ನು ಕರೆಸಿದೆ. ಟೀ ಕೊಟ್ಟು ಹಾಳೆ ಮುಂದಿಟ್ಟೆ. ಪುಣ್ಯಾತ್ಮ ಮೊದಲು ದಿನಚರಿಯ ಬದಿಯನ್ನೇ ಓದಿದ. ಗಟ್ಟಿಯಾಗಿ, ಶಾಲೆಯ ಹುಡುಗನ ಹಾಗೆ.

“‘ಕಾರಿನವರ ಕೈಪಿಡಿ ಮುಗಿಯಿತು. ದೋಷ ಎಂಬುದು ಗಡಸಾಯಿತು ಅಂದರು. ಒಂದು ಗಂಟೆ ಜಗ್ಗಾಡಿ ಕೊನೆಗೆ ನಾನೇ ಲಕ್ಷಣ ಎಂದು ಸೂಚಿಸಿದೆ. ಸಾಹೇಬರು ಖುಷಿಯಾಗಿ ತಮ್ಮ ಜೇಬಿನ ಕೆಂಪು ಪೆನ್ನನ್ನೇ ಕೊಟ್ಟುಬಿಟ್ಟರು. ಒಳ್ಳೆಯ ಪದ. ಹೆಮ್ಮೆಯಾಯಿತು.’ — ಏನಕ್ಕಾ ಇದು?”

“ಮಗುಚು.”

ಮಗುಚಿದ. ಓದಿದ. ಟೀ ಮೇಲೆ ಕೆನೆ ಕಟ್ಟಿತು.

“ಬೈದುಬಿಡೋ,” ಅಂದೆ.

“ಚಿಕ್ಕಂದಿನಲ್ಲಿ ನನ್ನ ಕಾಪಿ ಬುಕ್ಕೆಲ್ಲ ತಿದ್ದಿದೋಳು ನೀನು. ನಿನ್ನ ತಪ್ಪು ನಾನು ತಿದ್ದಬೇಕಾ ಈಗ?” ನಗಲು ನೋಡಿದ. ಆಗಲಿಲ್ಲ. “ಆ ವ್ಯಾನ್‌ನೋನ ಕಾಲು, ಅಕ್ಕಾ...”

“ಗೊತ್ತು.”

“ಇದು ಬೇಡ. ಕಿವುಡ ಬರೆದುಕೊಟ್ಟಿದ್ದು ಇದೆಯಲ್ಲ.”

“ಅದರಿಂದ ಬೇರಿಂಗ್ ಮುರಿದಿದ್ದು ಗೊತ್ತಾಗುತ್ತೆ. ಮುರಿಯುತ್ತೆ ಅಂತ ಅವರಿಗೆ ಗೊತ್ತಿತ್ತು ಅನ್ನೋದಕ್ಕೆ ಇದೊಂದೇ.”

“ಈ ಊರಲ್ಲಿ ನಿನ್ನ ಅಕ್ಷರ ಗೊತ್ತಿಲ್ಲದೋರು ಯಾರಿದಾರೆ? ಸಂಪಾದಕರಿಗೆ ವಾರಕ್ಕೊಂದು ಪತ್ರ ಬರೆದು ಎಲ್ಲರ ಮಾನ ಕಳೆದಿದೀಯ. ಬಿಡ್ತಾರಾ ನಿನ್ನ?”

“ಬಿಡಬಾರದು.”

ಅವನ ಬಲಗಾಲು ನೆಲ ಒತ್ತಿತು. ಗಟ್ಟಿಯಾಗಿ. ಆಮೇಲೆ, ಕಲಿಯುವವರ ಮೇಲೆ ನಂಬಿಕೆ ಬಂದಾಗ ತೆಗೆಯುವ ಹಾಗೆ, ನಿಧಾನವಾಗಿ ಕಾಲು ತೆಗೆದ.

“ಹನ್ನೆರಡನೇ ತಾರೀಕು ಹತ್ತು ಗಂಟೆಗೆ,” ಅಂದ. “ನಾನೇ ಕರ್ಕೊಂಡು ಹೋಗ್ತೀನಿ. ಸ್ಕೂಲಿನ ಗಾಡೀಲಿ.”

ಮಾರ್ಚ್ ೧೧, ಬೆಳಿಗ್ಗೆ ೬

ಮೂಲ ಹಾಳೆ ನಾಳೆ ವಿಚಾರಣೆಗೆ. ನಕಲು ಇವತ್ತು ಪತ್ರಿಕೆಗೆ, ಎರಡೂ ಬದಿ. ಜೊತೆಗೆ ಪತ್ರ.

ಇಂಕು ಮುಗಿದಿಲ್ಲ. ಆದರೂ ಸಾಹೇಬರು ಕೊಟ್ಟ ಈ ಪೆನ್ನನ್ನು ಕಾಗದದ ಚೀಲದಲ್ಲಿ ಹಾಕಿಟ್ಟೆ. ಅದೂ ನಾಳೆ ಬರುತ್ತದೆ. ಇದು ಪೆನ್ಸಿಲಿನಲ್ಲಿ. ಪತ್ರದ ಕರಡು:

ಸಂಪಾದಕರೇ, ಹನ್ನೊಂದು ವರ್ಷದ ಹಿಂದೆ, ಜೂನ್ ೪ರಂದು, ಒಂದು ಕಾರು ಕಂಪನಿ ತನ್ನ ಎಂಜಿನ್ನಿನ ದೋಷವನ್ನು ತಿಳಿದೂ ತನ್ನ ಪುಸ್ತಕದಿಂದ ಹೊಡೆಸಿಹಾಕಿತು. ಹೊಡೆದ ಕೈ ನನ್ನದು. ಬದಲಿಗೆ ಇಟ್ಟ ಪದವೂ ನನ್ನದು. ಅದಕ್ಕೆ ಒಂದು ಪೆನ್ನು ಪಡೆದೆ. ನಾಳೆ ಅದನ್ನು ಅಧಿಕಾರಿಗಳ ಮುಂದೆ ಒಪ್ಪಿಕೊಳ್ಳುತ್ತೇನೆ. ಕಾಲು ಮುರಿದುಕೊಂಡ ಮನುಷ್ಯನ ಮುಂದೆ ನಿನ್ನೆಯೇ ಹೋಗಬೇಕಿತ್ತು, ಇವತ್ತು ಹೋಗುತ್ತೇನೆ. ನನ್ನ ಉತ್ತರ ಇಷ್ಟು. ಇನ್ನು ಕಂಪನಿಯವರದು. ‘ಓಡಿಸಬಾರದು’ ಎಂಬ ವಾಕ್ಯ ಹೊಡೆಯಲು ನಿಮ್ಮಲ್ಲಿ ಹೇಳಿದವರು ಯಾರು? ಹೊಡೆಸಿದ ಮೇಲೆ ಇಂಥ ಎಷ್ಟು ಹಳೇ ಕಾರುಗಳ ಗಾಜಿಗೆ ‘ಪರೀಕ್ಷಿಸಿದ್ದು’ ಎಂದು ಚೀಟಿ ಅಂಟಿಸಿದಿರಿ? ಅವುಗಳಲ್ಲಿ ಎಷ್ಟು ಇವತ್ತು ಬೆಳಿಗ್ಗೆ ಕಟಕಟ ಅನ್ನುತ್ತಾ ರಸ್ತೆಗೆ ಇಳಿದಿವೆ? ನನ್ನ ಮನೆಗೆ ಕಾಗದ ಬೇಡ. ಇದೇ ಪತ್ರಿಕೆಯಲ್ಲಿ, ಹೆಸರು ಹಾಕಿ, ಎಲ್ಲರೂ ಓದುವಂತೆ ಉತ್ತರಿಸಿ. ಲಕ್ಷಣ ಎನ್ನಬೇಡಿ. ದೋಷ ಎಂಬ ಪದವನ್ನೇ ಬಳಸಿ, ಮತ್ತು ಅದರ ಮುಂದೆ ಅರ್ಧವಿರಾಮ ಹಾಕದೆ ಪೂರ್ಣವಿರಾಮ ಹಾಕಿ.